ಮಂಗಳಕ್ಕೆ ಮೊದಲೇ ಬರೆದ ಆದೇಶ

2021ರ ಫೆಬ್ರವರಿ 9ರಂದು ನಮ್ಮ ದುಬೈನ ಅಲ್ ಖವಾನೀಜ್‌ನಲ್ಲಿ ವಿಜ್ಞಾನಿಗಳು ಕಾಯುವುದರ ಹೊರತು ಹೆಚ್ಚೇನೂ ಮಾಡುವಂತಿರಲಿಲ್ಲ. ‘ಅಲ್ ಅಮಲ್’ ನೌಕೆಯ ಎಂಜಿನುಗಳು 27 ನಿಮಿಷ ಉರಿಯಬೇಕು. ಸಂಕೇತ ಭೂಮಿಗೆ ಬರಲು 11 ನಿಮಿಷ. ಆದುದರಿಂದ ಆದೇಶಗಳನ್ನೆಲ್ಲ ಮೊದಲೇ ನೌಕೆಯ ಗಣಕಕ್ಕೆ ಒಪ್ಪಿಸಲಾಗಿತ್ತು. ವೈದ್ಯರಾದ ನಮಗೆ ಇದು ರೋಗಿಯನ್ನು ಕಾಣದೆ ಬರೆದ ಔಷಧಚೀಟಿ!

ಮಾದರಿಯನ್ನು ಚಿತ್ರಿಸಿಕೊಟ್ಟರೆ ಗಣಕವೇ ತಂತ್ರಾಂಶ ಬರೆಯುವ ಪದ್ಧತಿಯೂ ಉಪಗ್ರಹಗಳಿಗೆ ಬಂದಿದೆ. ಕೈತಪ್ಪು ತಗ್ಗೀತು, ಮಾದರಿಯಲ್ಲೇ ಬಿಟ್ಟುಹೋದುದನ್ನು ಗಣಕ ಊಹಿಸಲಾರದು.

ಈ ಕಾತರವನ್ನು ಬೆಂಗಳೂರಿನ ಪೀಣ್ಯವು 2014ರಲ್ಲಿಯೇ ಕಂಡಿತ್ತು. ಮಂಗಳಯಾನಕ್ಕೂ ಆದೇಶಗಳು ದಿನಗಳ ಮುಂಚೆಯೇ ಹೋಗಿದ್ದವು. ಸುಮಾರು 300 ದಿನ ಸುಮ್ಮನಿದ್ದ ಎಂಜಿನು ಕೈಕೊಟ್ಟರೆಂದು ಎಂಟು ಕಿರು ಎಂಜಿನುಗಳನ್ನು ಉರಿಸುವ ಪರ್ಯಾಯವನ್ನೂ ಸಿದ್ಧಪಡಿಸಿದ್ದರು. ಸೆಪ್ಟೆಂಬರ್ 22ರಂದು ಅದನ್ನು ನಾಲ್ಕು ಸೆಕೆಂಡು ಉರಿಸಿ ನಾಡಿ ನೋಡಿದರು. 24ರ ಬೆಳಿಗ್ಗೆ ನೌಕೆ ಕಕ್ಷೆ ಸೇರಿತು, ಪರ್ಯಾಯ ಬೇಕಾಗಲಿಲ್ಲ.