ಚಕ್ರಕ್ಕಂಟಿದ ಕೆಸರು, ಒಣಗಿದ ಕಾಡು

ಮಲೆನಾಡಿನಿಂದ ಬಂದ ನಮಗೆ ‘ಕೊಳೆರೋಗ’ ಎಂದೊಡನೆ ಆಷಾಢದ ಮಳೆ, ಉದುರಿದ ಅಡಿಕೆ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ನೆನಪಾಗುತ್ತವೆ. 1910ರಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗದ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದರು. ನಮ್ಮ ಕನ್ನಡದ ಹೆಸರು ಹಾಗೆಯೇ ವಿಜ್ಞಾನಕ್ಕೆ ಸೇರಿತು. ರೋಗಾಣುವಿನ ಕುಲ ಫೈಟಾಫ್ತೊರ; ಗ್ರೀಕ್‌ನಲ್ಲಿ ‘ಸಸ್ಯನಾಶಕ’ ಎಂದರ್ಥ. ಇದೇ ಕುಲದ ಇನ್ನೊಂದು ರೋಗಾಣು ಪಶ್ಚಿಮ ಆಸ್ಟ್ರೇಲಿಯಾದ ಕಾಡುಗಳನ್ನು ಒಣಗಿಸಿದ ಕಥೆ ನಾವೆಲ್ಲ ತಿಳಿಯತಕ್ಕದ್ದು.

ಅಲ್ಲಿಯ ಜಾರಾ ಎಂಬುದು ನೀಲಗಿರಿ ಮರದ ಬಳಗದ್ದು. ಇದರ ಕೆಂಪು, ಗಟ್ಟಿ ದಿಮ್ಮಿಗಳು ಸ್ಲೀಪರುಗಳಾಗಿ ಭಾರತದ ರೈಲುಹಾದಿಗೂ ಬಂದಿದ್ದವು. 1921ರಲ್ಲಿ ಪರ್ತ್ ಬಳಿಯ ಕಾರಗಲೆನ್‌ನಲ್ಲಿ ಮರಗಳು ತುದಿಯಿಂದ ಒಣಗತೊಡಗಿದವು. ಕಾರಣ ತಿಳಿಯದೆ ನಾಲ್ಕು ದಶಕಗಳೇ ಕಳೆದವು. 1960ರ ದಶಕದ ಮಧ್ಯದಲ್ಲಿ ಫ್ರಾಂಕ್ ಪಾಜರ್ ಮತ್ತು ಸಂಗಡಿಗರು ಮಣ್ಣಿನಲ್ಲಡಗಿದ ಅಪರಾಧಿಯನ್ನು ಹಿಡಿದರು: ಫೈಟಾಫ್ತೊರ ಸಿನಮೋಮಿ. 1922ರಲ್ಲಿ ಸುಮಾತ್ರದ ದಾಲ್ಚಿನ್ನಿ ಮರಗಳಲ್ಲಿ ಕಂಡುಬಂದಿದ್ದರಿಂದ ಅದಕ್ಕೆ ಆ ಹೆಸರು.

ಕಣ್ಣಿಗೆ ಕಾಣದ ಇದರ ಬೀಜಾಣುಗಳು ಒದ್ದೆ ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ಬೇರು ಕೊಳೆತರೆ ನೀರು ಮೇಲೇರದು. ಮರ ನಿಂತಲ್ಲೇ ಬಾಯಾರಿ ಸಾಯುತ್ತದೆ. ಜಾರಾ ಒಂದೇ ಅಲ್ಲ, ಆ ನೈಋತ್ಯ ಭಾಗದ ದೇಶೀ ಸಸ್ಯಗಳಲ್ಲಿ ಸುಮಾರು 40 ಪ್ರತಿಶತ ಜಾತಿಗಳು ಇದಕ್ಕೆ ಈಡಾಗಬಲ್ಲವು.

ಇದನ್ನು ಕಾಡಿನುದ್ದಕ್ಕೂ ಹಬ್ಬಿಸಿದವರಾರು? ಮನುಷ್ಯರೇ. ದಿಮ್ಮಿ ಸಾಗಿಸಲು ರಸ್ತೆ ಮಾಡಿದರು. ರಸ್ತೆಗೆ ರೋಗವಿದ್ದ ಕಡೆಯ ಜಲ್ಲಿಮಣ್ಣನ್ನೇ ಹಾಕಿದರು. ಉಳಿದುದನ್ನು ಲಾರಿ ಚಕ್ರದ ಕೆಸರು ಪೂರೈಸಿತು. ಮರ ಹೊರಗೆ ಹೋದ ದಾರಿಯಲ್ಲೇ ಸಾವು ಒಳಗೆ ಬಂದಿತು. 1976ರಲ್ಲಿ ಕಾಡಿನ ಬಹುಭಾಗಕ್ಕೆ ವಾಹನಗಳನ್ನು ನಿರ್ಬಂಧಿಸಿದರು. ಕಾಡಿನಿಂದ ಇದನ್ನು ಪೂರ್ತಿ ತೊಲಗಿಸುವ ಮದ್ದು ಇಂದಿಗೂ ಇಲ್ಲ. ಫಾಸ್ಫೈಟ್ ಚುಚ್ಚುಮದ್ದು ಮರಕ್ಕೆ ಕೆಲಕಾಲ ತ್ರಾಣ ಕೊಡುತ್ತದೆ, ಅಷ್ಟೆ. ಆದ್ದರಿಂದ ಕಾಡಿಗೆ ಹೋಗುವವರು ಬೂಟು, ಚಕ್ರಗಳ ಮಣ್ಣು ತೆಗೆದೇ ಒಳಹೋಗಬೇಕು.

ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಿ ಸುಡಬೇಕೆಂದು ಹಿರಿಯರು ಹೇಳುತ್ತಿದ್ದಾಗ ನಾವು ಗೊಣಗಿದ್ದುಂಟು. ಬಿ.ಎಸ್ಸಿ. ಓದಿ, ಸೂಕ್ಷ್ಮದರ್ಶಕದಲ್ಲಿ ಇಣುಕಿದ ಮೇಲೆ ಆ ಮಾತಿನ ಬೆಲೆ ತಿಳಿಯಿತು. ಈಗ ನಾವು ಪಟ್ಟಣವಾಸಿಗಳು. ರಜೆಯಲ್ಲಿ ಊರಿಗೆ ಹೋದರೆ ಮಕ್ಕಳೊಂದಿಗೆ ತೋಟದಿಂದ ತೋಟಕ್ಕೆ ಸುತ್ತುತ್ತೇವೆ. ಅಲ್ಲಿ ಮೆಣಸಿನ ಬಳ್ಳಿಯನ್ನು ಕೊಲ್ಲುವ ಸೊರಗುರೋಗವೂ ಇದೇ ಕುಲದ್ದು, ಮಣ್ಣಿನಲ್ಲೇ ಇರುವಂಥದ್ದು. ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಕಾಲಿಡುವ ಮುನ್ನ ಚಪ್ಪಲಿ ತೊಳೆಯೋಣ. ಒಂದು ತಂಬಿಗೆ ನೀರು ಸಾಕು.