ಮಾರಾಟದ ಲೆಕ್ಕಕ್ಕೆ ಸಿಗದ ಹಾಡು: ಯಾದಗಿರಿ ಸೀಮೆಯಲ್ಲಿ ರೆಕಾರ್ಡು ಮತ್ತು ಕ್ಯಾಸೆಟ್ಟು

ಅಮೆರಿಕದ ರೆಕಾರ್ಡಿಂಗ್ ಉದ್ಯಮಿಗಳ ಸಂಘ ವರ್ಷವರ್ಷವೂ ಪ್ರಕಟಿಸುವ ಲೆಕ್ಕದ ಪ್ರಕಾರ 2020ರಲ್ಲಿ ವಿನೈಲ್ ರೆಕಾರ್ಡುಗಳ ಆದಾಯ ಸಿ.ಡಿ.ಗಳ ಆದಾಯವನ್ನು ಹಿಂದೆ ಹಾಕಿತು. 1986ರಿಂದೀಚೆಗೆ ಹಾಗಾದದ್ದು ಅದೇ ಮೊದಲು. 2022ರಲ್ಲಿ ಬಿಕರಿಯಾದ ಪ್ರತಿಗಳ ಎಣಿಕೆಯಲ್ಲೂ ರೆಕಾರ್ಡೇ ಮುಂದಾಯಿತು: ಸುಮಾರು 4 ಕೋಟಿ 10 ಲಕ್ಷ ರೆಕಾರ್ಡು, 3 ಕೋಟಿ 30 ಲಕ್ಷ ಸಿ.ಡಿ. ಅದೇ ವರ್ಷ ಅಲ್ಲಿನ ಸಂಗೀತೋದ್ಯಮದ ಗಳಿಕೆಯಲ್ಲಿ ನೂರಕ್ಕೆ 84 ಪಾಲು ಸ್ಟ್ರೀಮಿಂಗಿನದು ಎಂಬುದನ್ನು ಮರೆತು ‘ಮರುಹುಟ್ಟು’ ಎಂದು ಹಿಗ್ಗುವವರೇ ಹೆಚ್ಚು. ಲುಮಿನೇಟ್ ಸಂಸ್ಥೆಯ ಸಮೀಕ್ಷೆಯೊಂದರಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಇದೆ. ರೆಕಾರ್ಡು ಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬಳಿ ಅದನ್ನು ನುಡಿಸುವ ಯಂತ್ರವೇ ಇಲ್ಲ.

ಈ ಅಂಕಿಗಳನ್ನು ಯಾದಗಿರಿ, ಶಹಾಪುರ, ಸುರಪುರಗಳಿಗೆ ತಂದು ಇಲ್ಲಿಯೂ ರೆಕಾರ್ಡು ಮರಳಿ ಬಂತೇ ಎಂದು ಕೇಳುವುದರಲ್ಲಿ ಹುರುಳಿಲ್ಲ. ಈ ಸೀಮೆಯ ಹಾಡಿಕೆಯಲ್ಲಿ ರೆಕಾರ್ಡಿಗೆ ಏರಿದ್ದು ಎಷ್ಟು ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಏರಿದ್ದು ತೀರ ಕಡಿಮೆ. ಹಾಗಾಗಿ ರೆಕಾರ್ಡಿನ ಮರುಹುಟ್ಟಿನಿಂದ ಇಲ್ಲಿಗೆ ಮರಳುವುದೂ ಕಡಿಮೆ. ಇಲ್ಲಿಯ ದನಿ ನಿಂತಿರುವುದು ಯಾರೂ ಬೆಲೆ ಕಟ್ಟದ ಕ್ಯಾಸೆಟ್ಟಿನಲ್ಲಿ ಎಂಬುದು ಈ ಲೇಖನದ ವಾದ.

ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಆಕೆ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಕನ್ನಡ ನಾಡಿನ ಮಟ್ಟಿಗೆ ಮುಂಬೈ ಕರ್ನಾಟಕದ ಕಲಾವಿದರಿಗೆ ಈ ಉದ್ಯಮದ ಬಾಗಿಲು ಚೆನ್ನಾಗಿಯೇ ತೆರೆಯಿತು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್.ಎಂ.ವಿ. ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲೇ ಮುದ್ರಣ ಕಂಡರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈ ಸೇರಿ ಹೆಸರಾದರು. ನಿಜಾಮರ ಆಳ್ವಿಕೆಯ ನಮ್ಮ ಸೀಮೆಯ ಕಥೆ ಬೇರೆ. ಮುಂಬೈ–ಮದರಾಸು ರೈಲುದಾರಿ 1871ರಲ್ಲೇ ಕೂಡಿತ್ತು, ಯಾದಗಿರಿ ಅದರ ಮೇಲಿನ ನಿಲ್ದಾಣ. ಪ್ಲೇಟು ಇಲ್ಲಿಗೆ ಬರಲು ತೊಡಕಿರಲಿಲ್ಲ. ಇಲ್ಲಿಯ ಹಾಡುಗಾರ ಸ್ಟುಡಿಯೊದವರೆಗೆ ಹೋಗಲು ಬೇಕಾದ ನಾಟಕ ಕಂಪನಿಯ ನಂಟು, ಏಜೆಂಟರು, ಕನ್ನಡದ ಗಿರಾಕಿಗಳು ಇರಲಿಲ್ಲ. ಆಡಳಿತ, ಶಾಲೆ ಬಹುಪಾಲು ಉರ್ದುವಿನಲ್ಲಿ ನಡೆಯುತ್ತಿದ್ದ ನಾಡಿನಲ್ಲಿ ಕನ್ನಡದ ಪ್ಲೇಟಿಗೆ ಯಾವ ಕಂಪನಿ ಬಂಡವಾಳ ಹಾಕೀತು?

ಇದಕ್ಕಿಂತ ದೊಡ್ಡ ಅಡ್ಡಿ ಪ್ಲೇಟಿನ ಅಳತೆಯದು. ಹತ್ತಂಗುಲದ 78 ಸುತ್ತಿನ ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. ಅರಗಿನಲ್ಲಿ ಕಲ್ಲಿನ ಪುಡಿ ಬೆರೆಸಿ ಅದನ್ನು ಒತ್ತುತ್ತಿದ್ದರು. ಆ ಒರಟುತನಕ್ಕೆ ಉಕ್ಕಿನ ಮುಳ್ಳು ಸವೆದು ಗೀರಿನ ಆಕಾರಕ್ಕೆ ಬರಲಿ ಎಂಬುದೇ ಉಪಾಯ. ಒಂದು ಬದಿ ಮುಗಿದರೆ ಮುಳ್ಳು ಬದಲಿಸಬೇಕು, ಚಾವಿ ಕೊಡಬೇಕು. ಕಡಕೋಳ ಮಡಿವಾಳಪ್ಪನವರ, ಚನ್ನೂರು ಜಲಾಲಸಾಹೇಬರ ತತ್ವಪದಗಳನ್ನು ಏಕತಾರಿ, ದಮ್ಮಡಿಯೊಡನೆ ರಾತ್ರಿಯಿಡೀ ಹಾಡುವ ಮೇಳಕ್ಕೆ ಮೂರು ನಿಮಿಷ ಏತಕ್ಕೆ ಸಾಲುತ್ತದೆ? ಪದ ಎತ್ತಿಕೊಂಡು, ನಡುವೆ ನಿಲ್ಲಿಸಿ ಅರ್ಥ ಬಿಡಿಸಿ, ಮತ್ತೊಬ್ಬರು ಹಿಂದಿನಿಂದ ಪಲ್ಲವಿ ಹಿಡಿದು ಬೆಳೆಸುವುದೇ ಅದರ ರೀತಿ. ಮೊಹರಂ ರಿವಾಯತ್ ಪದಗಳೂ ಹಾಗೆಯೇ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಮಂದಿ ಇಲ್ಲದಿದ್ದರೆ ಆ ಹಾಡಿಗೆ ಆಕಾರವೇ ಬಾರದು.

ಪ್ಲೇಟು ಈ ಭಾಗದಲ್ಲಿ ಹೆಚ್ಚಾಗಿ ಬದುಕಿದ್ದು ಶ್ರೀಮಂತರ ಪಡಸಾಲೆಗಿಂತ ಮೈಕ್‌ಸೆಟ್ಟಿನವರ ಕೈಯಲ್ಲಿ. ಮದುವೆ, ಜಾತ್ರೆ, ಜವಳಗಳಿಗೆ ಆಂಪ್ಲಿಫೈಯರು, ಬ್ಯಾಟರಿ, ಮರಕ್ಕೆ ಕಟ್ಟಿದ ಹಾರ್ನು, ಜೊತೆಗೊಂದು ರೆಕಾರ್ಡ್ ಪ್ಲೇಯರು. ಅಲ್ಲಿ ರೆಕಾರ್ಡು ದುಡಿಮೆಯ ಸಾಮಾನು. ಕವರು ಹರಿದರೂ ಗೀರು ಬಿದ್ದರೂ ಹಾಡಿತೆಂದರೆ ಸಾಕು. ಇಂದಿನ ಸಂಗ್ರಾಹಕನ ಒರೆಗಲ್ಲಿನಲ್ಲಿ ಅಂಥ ಪ್ರತಿ ಕೊನೆಯ ದರ್ಜೆಯದು. ಯಂತ್ರವಿಲ್ಲದೆ ರೆಕಾರ್ಡು ಕೊಳ್ಳುವ ಅಮೆರಿಕದ ಗಿರಾಕಿಗೂ ಹಾಡದ ಪ್ಲೇಟನ್ನು ಒಂದು ದಿನವೂ ಇಟ್ಟುಕೊಳ್ಳದ ಮೈಕ್‌ಸೆಟ್ಟಿನವನಿಗೂ ಇರುವ ದೂರ ಬರೀ ಕಾಲದ್ದಲ್ಲ.

ಫಿಲಿಪ್ಸ್ ಕಂಪನಿಯ 1963ರ ಕ್ಯಾಸೆಟ್ಟು ಭಾರತದಲ್ಲಿ ಬೇರು ಬಿಟ್ಟದ್ದು 1980ರ ದಶಕದಲ್ಲಿ. ಕನ್ನಡಕ್ಕೆ ಅದರ ಮುನ್ಸೂಚನೆ 1978ರಲ್ಲಿ ಬಂದ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು. ಪೀಟರ್ ಮ್ಯಾನ್ಯುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಕೃತಿಯಲ್ಲಿ ಉತ್ತರ ಭಾರತವನ್ನು ಮುಂದಿಟ್ಟುಕೊಂಡು ತೋರಿಸಿದ ಮಾತು ನಮಗೂ ಒಪ್ಪುತ್ತದೆ: ಮುದ್ರಣದ ಖರ್ಚು ಇಳಿದಾಗ ದೊಡ್ಡ ಕಂಪನಿಯ ಹಿಡಿತ ಸಡಿಲಿ ಪ್ರಾದೇಶಿಕ ಹಾಡಿಗೆ ಜಾಗ ಸಿಕ್ಕಿತು. ಬದಿಗೆ ಅರ್ಧ ತಾಸು ಸಿಕ್ಕಿದ್ದೇ ತಡ, ತತ್ವಪದ, ಭಜನೆ, ರಿವಾಯತ್, ಬಯಲಾಟದ ಪದಗಳು ಟೇಪಿಗೆ ಏರಿದವು. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರನಂಥ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಕ್ಷೇತ್ರಗಳ ಹಾಡಿಗೆ ಜಾತ್ರೆಯ ಅಂಗಡಿಸಾಲೇ ಮಾರುಕಟ್ಟೆಯಾಯಿತು. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯೂ ಈ ಕಲಾವಿದರಿಗೆ ಒಂದು ನೆಲೆ. ಆದರೆ ಬಾನುಲಿಯಲ್ಲಿ ಹಾಡಿದ್ದನ್ನು ಮನೆಗೆ ಒಯ್ಯಲಾಗದು, ಕ್ಯಾಸೆಟ್ಟನ್ನು ಒಯ್ಯಬಹುದಿತ್ತು.

ಉಳಿವಿನ ಮಾತು ಬಂದಾಗ ತಕ್ಕಡಿ ತಿರುಗುತ್ತದೆ. ಅರಗಿನ ಪ್ಲೇಟು ಕೈ ಜಾರಿದರೆ ಚೂರಾಗುತ್ತದೆ, ವಿನೈಲು ಬೇಸಿಗೆಯಲ್ಲಿ ಕಿಟಕಿ ಪಕ್ಕ ಬಿಟ್ಟರೆ ಸೊಟ್ಟಗಾಗುತ್ತದೆ, ನಿಜ. ಆದರೂ ಹಾಡು ಕೊರೆದ ಗೀರು ಕಣ್ಣಿಗೆ ಕಾಣುವಂಥದ್ದು. ನೂರು ವರ್ಷದ ಪ್ಲೇಟು ಇಂದಿಗೂ ಮುಳ್ಳಿಟ್ಟರೆ ಹಾಡುತ್ತದೆ. ಟೇಪಿನದು ಹಾಗಲ್ಲ. ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಹಳತಾಗಿ ಪುಡಿ ಉದುರುತ್ತದೆ, ಒತ್ತುವ ಸ್ಪಂಜು ಕಳಚಿ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಟ್ರಂಕಿನೊಳಗೆ ಇಟ್ಟ, ಅಗ್ಗದ ಟೇಪಿಗೆ ಅವಸರದಲ್ಲಿ ನಕಲಾದ ಕ್ಯಾಸೆಟ್ಟಿಗೆ ಆಯುಷ್ಯ ಇನ್ನೂ ಕಡಿಮೆ. ಹೀಗಿದ್ದೂ ಹಣ, ಅಕ್ಕರೆ ಎರಡೂ ಗಟ್ಟಿಮುಟ್ಟಾದ ಪ್ಲೇಟಿನ ಕಡೆಗೇ ಹರಿಯುತ್ತಿವೆ. ವಿಕ್ರಮ್ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದದ್ದು ದೊಡ್ಡ ಕೆಲಸ. ಆದರೆ ಪ್ಲೇಟಿನಲ್ಲಿ ಇಲ್ಲದ್ದು ಪ್ಲೇಟಿನ ಸಂಗ್ರಹದಲ್ಲಿ ಎಲ್ಲಿಂದ ಬರಬೇಕು?

ಪಠ್ಯದ ಮಟ್ಟಿಗೆ ನಾವು ಹಿಂದುಳಿದಿಲ್ಲ. ನಟರಾಜ ಬೂದಾಳು ಅವರ ಸಂಪಾದಕತ್ವದಲ್ಲಿ ತತ್ವಪದಗಳ ಸಮಗ್ರ ಸಂಪುಟಮಾಲೆಯೇ ಬಂದಿದೆ. ಅಲ್ಲಿ ಪದ ಸಿಗುತ್ತದೆ. ಮಟ್ಟು, ಉಸಿರು, ಹಿಮ್ಮೇಳದವರು ಎಲ್ಲಿ ಕೈಗೂಡಿಸುತ್ತಾರೆ ಎಂಬುದು ಸಿಗುವುದಿಲ್ಲ. ಅದಕ್ಕೆ ಕ್ಯಾಸೆಟ್ಟೇ ಆಕರ. ಮೆಮೊರಿ ಕಾರ್ಡು, ಯೂಟ್ಯೂಬುಗಳಿಗೆ ಏರಿದ ಎಷ್ಟೋ ಹಾಡುಗಳ ಮೂಲವೂ ಅದೇ, ಆದರೆ ಅಲ್ಲಿಗೆ ಹೋಗುವಷ್ಟರಲ್ಲಿ ಹಾಡಿದವರ ಹೆಸರು ಕಳಚಿರುತ್ತದೆ.

ಆಕರವಾಗಿ ಬಳಸಬೇಕಾದರೆ ಕಾಲನಿರ್ಣಯ ಬೇಕು, ಇಸವಿ ಇಲ್ಲದ ಕ್ಯಾಸೆಟ್ಟಿಗೆ ಒಳಚೀಟಿಯೇ ಶಾಸನ. ವಿಳಾಸದಲ್ಲಿ ‘ತಾ. ಶಹಾಪುರ, ಜಿ. ಗುಲಬರ್ಗಾ’ ಎಂದಿದ್ದರೆ ಬಹುಮಟ್ಟಿಗೆ ಯಾದಗಿರಿ ಜಿಲ್ಲೆಯಾದ 2009ರ ಡಿಸೆಂಬರ್ 30ಕ್ಕಿಂತ ಹಿಂದಿನದು. ಹತ್ತಂಕಿಯ ಮೊಬೈಲ್ ಸಂಖ್ಯೆ ಇದ್ದರೆ ಕ್ಯಾಸೆಟ್ಟಿನ ಇಳಿಗಾಲದ್ದು, ಎಸ್.ಟಿ.ಡಿ. ಕೋಡಿನ ಜೊತೆ ಸ್ಥಿರ ದೂರವಾಣಿ ಮಾತ್ರ ಇದ್ದರೆ ಅದಕ್ಕೂ ಮುಂಚಿನದು ಎಂದು ಊಹಿಸಬಹುದು. ಫೋನೇ ಇಲ್ಲದೆ ಅಂಗಡಿಯ ಹೆಸರು, ಬಸ್‌ಸ್ಟ್ಯಾಂಡ್ ಎದುರು ಎಂಬ ಗುರುತು ಅಷ್ಟೇ ಇರುವಂಥವನ್ನು ಮೊದಲು ನಕಲು ಮಾಡಿಸಬೇಕು. ಒಳಚೀಟಿಯ ಎರಡೂ ಬದಿಯ ಚಿತ್ರ ತೆಗೆದು, ಹಾಡಿದವರ ಊರನ್ನು ಬದುಕಿರುವವರಿಂದ ಕೇಳಿ ಬರೆದುಕೊಂಡ ಮೇಲೆ.