ಮಿಸ್ಟ್: ಒಂದು ಒಗಟಿನ ಆಟದ ಮರುನಿರ್ಮಾಣಗಳು

ಮಿಸ್ಟ್: ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಬಳಿಯ ಸಯಾನ್ ಸಂಸ್ಥೆ ರೂಪಿಸಿದ ಕಂಪ್ಯೂಟರ್ ಆಟ. ರಹಸ್ಯವೊಂದನ್ನು ಬಿಡಿಸುತ್ತ ಸಾಗುವ ಸಾಹಸದ ಆಟಗಳ ಗುಂಪಿಗೆ ಸೇರಿದ್ದು. ಬ್ರೋಡರ್‌ಬಂಡ್ ಕಂಪನಿ ಇದನ್ನು 1993ರ ಸೆಪ್ಟೆಂಬರ್ 24ರಂದು ಆ್ಯಪಲ್ ಮ್ಯಾಕಿಂಟಾಷ್ ಕಂಪ್ಯೂಟರುಗಳಿಗಾಗಿ ಪ್ರಕಟಿಸಿತು. ವಿಂಡೋಸ್ ಆವೃತ್ತಿ 1994ರಲ್ಲಿ ಬಂತು. ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2002ರಲ್ಲಿ ದಿ ಸಿಮ್ಸ್ ಹಿಂದಿಕ್ಕುವ ತನಕ ಅತಿ ಹೆಚ್ಚು ಮಾರಾಟವಾದ ಪಿಸಿ ಆಟವೆಂಬ ಪಟ್ಟ ಇದರದೇ ಆಗಿತ್ತು. ಈ ಲೇಖನದ ವಿಷಯ ಮೂಲ ಆಟಕ್ಕಿಂತ ಹೆಚ್ಚಾಗಿ ಅದರ ಮರುನಿರ್ಮಾಣಗಳು. 2000ದಿಂದ 2024ರವರೆಗೆ ಅದೇ ಸಂಸ್ಥೆ ಅದೇ ದ್ವೀಪವನ್ನು ಮತ್ತೆ ಮತ್ತೆ, ಕೊನೆಗೆ ಅದರ ಉತ್ತರಭಾಗವನ್ನೂ ಹೊಸದಾಗಿ ಕಟ್ಟಿದೆ. ಹಳೆಯ ಆಟವೊಂದರಲ್ಲಿ ಕಾಲಕ್ಕೆ ಸವೆಯುವುದು ಯಾವುದು, ಸವೆಯದೆ ಉಳಿಯುವುದು ಯಾವುದು ಎಂದು ತಿಳಿಯಲು ಇದರಷ್ಟು ಉದ್ದದ ದಾಖಲೆ ಬೇರೆ ಆಟಗಳಲ್ಲಿ ಸಿಗುವುದು ಕಷ್ಟ.

ಮೂಲ ಆಟ

ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಅಣ್ಣತಮ್ಮಂದಿರು. ರ‍್ಯಾಂಡ್ ಬ್ಯಾಂಕೊಂದರಲ್ಲಿ ಪ್ರೋಗ್ರಾಮರ್ ಆಗಿದ್ದವರು. ಚಿತ್ರ ಮತ್ತು ಸಂಗೀತ ತಮ್ಮ ರಾಬಿನ್ ಪಾಲಿನದು. 1987ರಲ್ಲಿ ಸಯಾನ್ ಕಟ್ಟಿದ ಇವರ ಮೊದಲ ಆಟಗಳು ಮಕ್ಕಳಿಗಾಗಿ ಮಾಡಿದಂಥವು. ಅವುಗಳಲ್ಲಿ 1988ರ ದಿ ಮ್ಯಾನ್‌ಹೋಲ್ ಹೆಸರು ಮಾಡಿತು. ದೊಡ್ಡವರಿಗಾಗಿ ಒಂದು ಆಟ ಮಾಡಿಕೊಡಿ ಎಂದು ಜಪಾನಿನ ಸನ್‌ಸಾಫ್ಟ್ ಕಂಪನಿ ಹಣ ಕೊಟ್ಟಾಗ ಹುಟ್ಟಿದ್ದು ಮಿಸ್ಟ್. ಹೆಸರಿನ ಹಿಂದಿರುವುದು ಜೂಲ್ಸ್ ವರ್ನ್ ಬರೆದ ‘ದಿ ಮಿಸ್ಟೀರಿಯಸ್ ಐಲೆಂಡ್’ ಕಾದಂಬರಿ.

ಆಟ ಶುರುವಾಗುವುದು ಒಂದು ದಕ್ಕೆಯ ಮೇಲೆ. ಎದುರಿಗೆ ಮುಳುಗಿದ ಹಡಗಿನ ಕೂವೆಕಂಬ, ಮೇಲೆ ಗುಡ್ಡದಲ್ಲಿ ಆಳೆತ್ತರ ಮೀರಿದ ಹಲ್ಲುಚಕ್ರಗಳು. ದ್ವೀಪದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನೀನು ಯಾರು, ಏನು ಮಾಡಬೇಕು ಎಂದು ಹೇಳುವವರೇ ಇಲ್ಲ. ಕೊಲ್ಲಲು ಶತ್ರುವಿಲ್ಲ, ಸಾಯುವ ಭಯವಿಲ್ಲ, ಅಂಕವಿಲ್ಲ, ಗಡುವಿಲ್ಲ. ಗ್ರಂಥಾಲಯದಲ್ಲಿ ಸುಟ್ಟುಹೋದ ಪುಸ್ತಕಗಳ ನಡುವೆ ಕೆಂಪು ಮತ್ತು ನೀಲಿ ಪುಸ್ತಕಗಳೆರಡು ಉಳಿದಿವೆ. ಕೆಂಪಿನಲ್ಲಿ ಸಿರಸ್, ನೀಲಿಯಲ್ಲಿ ಅಕೆನಾರ್ ಎಂಬ ಸೋದರರು ಸೆರೆಯಾಗಿದ್ದಾರೆ. ಕಾಣೆಯಾದ ಹಾಳೆಗಳನ್ನು ತಂದು ನನ್ನನ್ನು ಬಿಡಿಸು, ಅವನನ್ನು ನಂಬಬೇಡ ಎಂದು ಇಬ್ಬರೂ ಗೋಗರೆಯುತ್ತಾರೆ. ಹಾಳೆಗಳು ಇರುವುದು ಬೇರೆ ಬೇರೆ ಲೋಕಗಳಲ್ಲಿ. ಆಟದ ಭಾಷೆಯಲ್ಲಿ ಇವು ‘ಯುಗ’ಗಳು; ಪುಸ್ತಕದ ಹಾಳೆಯ ಮೇಲಿನ ಚಲಿಸುವ ಚಿತ್ರಕ್ಕೆ ಕೈಯಿಟ್ಟರೆ ಆ ಲೋಕಕ್ಕೇ ಹೋಗಿ ಬೀಳುತ್ತೇವೆ. ಸೆಲೆನಿಟಿಕ್, ಸ್ಟೋನ್‌ಶಿಪ್, ಮೆಕ್ಯಾನಿಕಲ್, ಚಾನಲ್‌ವುಡ್ ಎಂಬ ನಾಲ್ಕು ಯುಗಗಳನ್ನು ಸುತ್ತಿ ಬರುವಷ್ಟರಲ್ಲಿ ಅಣ್ಣತಮ್ಮಂದಿರ ಕೋಣೆಗಳೇ ಅವರ ವಿರುದ್ಧ ಸಾಕ್ಷಿ ನುಡಿದಿರುತ್ತವೆ. ಅವರ ತಂದೆ ಆಟ್ರಸ್ ಪಾತ್ರವನ್ನೂ ಅಕೆನಾರ್ ಪಾತ್ರವನ್ನೂ ರ‍್ಯಾಂಡ್ ಮಿಲ್ಲರ್ ತಾವೇ ವಹಿಸಿದರು, ಸಿರಸ್ ಆದದ್ದು ರಾಬಿನ್. ನಟನೆಯಲ್ಲಿ ತುಸು ನಾಟಕೀಯತೆ ಇದೆ, ನಿಜ. ಆದರೆ ಪುಸ್ತಕದೊಳಗೆ ಸಿಕ್ಕಿಬಿದ್ದು ಹುಚ್ಚು ಹಿಡಿಯುತ್ತಿರುವವರಿಗೆ ಅದು ಒಪ್ಪುತ್ತದೆ.

ತಂತ್ರದ ದೃಷ್ಟಿಯಿಂದ ಮಿಸ್ಟ್ ಎಂದರೆ ಸುಮಾರು 2,500 ಸ್ಥಿರಚಿತ್ರಗಳ ಕಟ್ಟು. ಆ್ಯಪಲ್‌ನ ಹೈಪರ್‌ಕಾರ್ಡ್ ಎಂಬ ಸಾಮಾನ್ಯ ತಂತ್ರಾಂಶದಲ್ಲಿ ಒಂದೊಂದು ಚಿತ್ರವೂ ಒಂದೊಂದು ಕಾರ್ಡು. ಚಿತ್ರದ ಅಂಚಿಗೆ ಒತ್ತಿದರೆ ಎಡಕ್ಕೋ ಬಲಕ್ಕೋ ತಿರುಗಿದ ಮುಂದಿನ ಕಾರ್ಡು ಬರುತ್ತದೆ. ಚಿತ್ರಗಳ ಅಳತೆ 544×332 ಚುಕ್ಕಿ, ಬಣ್ಣಗಳು 256. ದ್ವೀಪದ ಏರುತಗ್ಗು ಮೂಡಿಸಲು ರಾಬಿನ್ ಮೊದಲು ಬೂದುಬಣ್ಣದ ನಕ್ಷೆ ಬರೆದರು. ಬಿಳುಪು ಹೆಚ್ಚಿದಲ್ಲಿ ನೆಲ ಏರುತ್ತದೆ, ಕಪ್ಪಾದಲ್ಲಿ ಇಳಿಯುತ್ತದೆ. ಅದನ್ನು ಸ್ಟ್ರಾಟಾವಿಷನ್ 3ಡಿ ತಂತ್ರಾಂಶಕ್ಕೆ ಉಣಿಸಿ ಗುಡ್ಡ ಎಬ್ಬಿಸಿದರು. ಆ ಕಾಲದ ಸಿಡಿ ಡ್ರೈವುಗಳು ಸೆಕೆಂಡಿಗೆ 150 ಕಿಲೋಬೈಟ್ ಓದುತ್ತಿದ್ದವು, ಅಷ್ಟೆ. ಹಾಗಾಗಿ ಒಂದೊಂದು ಯುಗದ ಚಿತ್ರಗಳನ್ನು ಸಿಡಿಯ ಮೇಲೆ ಒಂದೇ ಕಡೆ ಒತ್ತಾಗಿ ಜೋಡಿಸಿದರು. ಡ್ರೈವಿನ ಕಣ್ಣು ಡಿಸ್ಕಿನ ಉದ್ದಗಲ ಓಡಾಡಿದರೆ ಆಟ ಮುಗ್ಗರಿಸುತ್ತಿತ್ತು. ಸೋದರರ ವಿಡಿಯೊ ಪುಟ್ಟ ಚೌಕದಲ್ಲಿ, ಗರಗರ ಸದ್ದಿನ ನಡುವೆ ಕಾಣಿಸುವುದಕ್ಕೂ ಇದೇ ಇಕ್ಕಟ್ಟು ಕಾರಣ. ಹಾಳೆ ಕಡಿಮೆಯಾದ ಪುಸ್ತಕ, ಅದಕ್ಕೇ ಮಾತು ತುಂಡಾಗುತ್ತದೆ ಎಂದು ಕಥೆಯಲ್ಲೇ ಅದಕ್ಕೊಂದು ನೆಪ ಹುಡುಕಿಕೊಂಡದ್ದು ಜಾಣತನ.

ಸ್ಥಿರಚಿತ್ರದ ಒಂದು ಗುಣವನ್ನು ಇಲ್ಲಿಯೇ ಹೇಳಬೇಕು, ಮುಂದಿನ ಮರುನಿರ್ಮಾಣಗಳೆಲ್ಲ ಎಡವಿದ್ದು ಅಲ್ಲೇ. ಆಟಗಾರ ಎಲ್ಲಿ ನಿಂತು ಯಾವ ಕಡೆ ನೋಡಬೇಕೆಂಬುದನ್ನು ಕಲಾವಿದನೇ ನಿರ್ಧರಿಸಿರುತ್ತಿದ್ದ. ಚೌಕಟ್ಟಿನೊಳಗೆ ಒಂದು ಹಿಡಿಕೆ ಇದೆ ಎಂದರೆ ಅದಕ್ಕೆ ಅರ್ಥವಿದೆ ಎಂದೇ ಲೆಕ್ಕ. ಬಾಯಿಬಿಟ್ಟು ಯಾವ ಸುಳಿವನ್ನೂ ಕೊಡದ ಆಟ ಚೌಕಟ್ಟಿನ ಮೂಲಕ ಸದಾ ಸುಳಿವು ಕೊಡುತ್ತಿತ್ತು.

ಚಿತ್ರ ಬದಲಿಸಿದ ಕಾಲ

ಮೊದಲ ದುರಸ್ತಿ ಬರೀ ಬಣ್ಣದ್ದು. ‘ಮಾಸ್ಟರ್‌ಪೀಸ್ ಎಡಿಷನ್’ ಹೆಸರಿನ ಆವೃತ್ತಿಯಲ್ಲಿ ಹಳೆಯ ದೃಶ್ಯಗಳನ್ನೇ 256ರ ಬದಲು ಲಕ್ಷಾಂತರ ಬಣ್ಣಗಳಲ್ಲಿ ಮತ್ತೆ ತಯಾರಿಸಿ, ಸದ್ದುಗಳನ್ನು ತಿದ್ದಿ ಕೊಟ್ಟರು. ಆಟ ಇದ್ದ ಹಾಗೇ ಇತ್ತು.

2000ದ ನವೆಂಬರಿನಲ್ಲಿ ಬಂದ ರಿಯಲ್‌ಮಿಸ್ಟ್ ನಿಜವಾದ ಅರ್ಥದ ಮೊದಲ ಮರುನಿರ್ಮಾಣ. ಇಲ್ಲಿ ಸ್ಥಿರಚಿತ್ರಗಳಿಲ್ಲ, ಇಡೀ ದ್ವೀಪವನ್ನು ಮೂರು ಆಯಾಮದಲ್ಲಿ ಕಟ್ಟಿ ಆಟಗಾರನನ್ನು ಅದರಲ್ಲಿ ಬಿಟ್ಟರು. ಹೊತ್ತು ಮೂಡುತ್ತದೆ, ಮುಳುಗುತ್ತದೆ, ನೀರು ಅಲುಗುತ್ತದೆ. ಆಟ್ರಸ್‌ನನ್ನು ಬಿಡಿಸಿದ ಮೇಲೆ ಹೋಗಬಹುದಾದ ರೈಮ್ ಎಂಬ ಹಿಮದ ಯುಗವೂ ಸೇರಿತು. ಆದರೆ ಅಂದಿನ ಸಾಮಾನ್ಯ ಕಂಪ್ಯೂಟರಿಗೆ ಇದು ಹೊರಲಾರದ ಹೊರೆ. ಏಳು ವರ್ಷ ಹಿಂದೆ ಗಂಟೆಗಟ್ಟಲೆ ಕೂತು ಬಿಡಿಸಿದ ಒಂದು ಚಿತ್ರದಲ್ಲಿದ್ದ ನೆರಳು, ಮರದ ಗೆರೆ, ಲೋಹದ ಹೊಳಪನ್ನು ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಹೊಸದಾಗಿ ಬಿಡಿಸಬೇಕೆಂದರೆ ಯಂತ್ರ ಏದುಸಿರು ಬಿಡದೆ ಇನ್ನೇನು ಮಾಡೀತು? ಸ್ವಾತಂತ್ರ್ಯ ಸಿಕ್ಕಿತು, ಚೌಕಟ್ಟು ಹೋಯಿತು. ಎತ್ತ ಬೇಕಾದರೂ ನೋಡಬಹುದಾದಾಗ ಯಾವುದನ್ನು ನೋಡಬೇಕು ಎಂಬುದೇ ಹೊಸ ಒಗಟು. ಇದನ್ನು ಸಯಾನ್ ಒಪ್ಪಿಕೊಂಡಂತೆ ಕಾಣುತ್ತದೆ: 2014ರಲ್ಲಿ ಯೂನಿಟಿ ಎಂಜಿನ್ನಿನಲ್ಲಿ (ಆಟ ಕಟ್ಟುವ ತಂತ್ರಾಂಶ) ಮತ್ತೆ ಕಟ್ಟಿದ ‘ರಿಯಲ್‌ಮಿಸ್ಟ್: ಮಾಸ್ಟರ್‌ಪೀಸ್ ಎಡಿಷನ್’ನಲ್ಲಿ ಮನಬಂದಂತೆ ಅಡ್ಡಾಡುವ ವಿಧಾನದ ಜೊತೆಗೆ, ಹಳೆಯ ರೀತಿಯಲ್ಲಿ ಜಾಗದಿಂದ ಜಾಗಕ್ಕೆ ಒತ್ತಿ ಹೋಗುವ ಆಯ್ಕೆಯನ್ನೂ ಇಟ್ಟರು.

ಇದಲ್ಲದೆ ಆಟ ಸಿಕ್ಕಸಿಕ್ಕ ಯಂತ್ರಗಳಿಗೆಲ್ಲ ಹೋಗಿಬಂತು. ಸೆಗಾ ಸ್ಯಾಟರ್ನ್, ಪ್ಲೇಸ್ಟೇಷನ್, ಪಿಎಸ್‌ಪಿ, ನಿಂಟೆಂಡೊ ಡಿಎಸ್ ಎಲ್ಲದರಲ್ಲೂ ಮಿಸ್ಟ್ ಇದೆ. ಡಿಎಸ್‌ನ ಅಂಗೈಯಗಲದ ಪರದೆಯಲ್ಲಿ ಆಟದೊಳಗಿನ ಕೈಬರಹದ ದಿನಚರಿಗಳನ್ನು ಓದುವ ಪಾಡು ಬೇಡವೇ ಬೇಡ. 2009ರ ಐಫೋನ್ ಆವೃತ್ತಿ ಇವುಗಳಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಾಳೆಯ ಮೇಲಿನ ಚಿತ್ರಕ್ಕೆ ಕೈಯಿಟ್ಟು ಬೇರೆ ಲೋಕಕ್ಕೆ ಹೋಗುವ ಆಟಕ್ಕೆ ಬೆರಳಿನಿಂದ ಮುಟ್ಟುವ ಪರದೆ ಹದಿನಾರು ವರ್ಷ ತಡವಾಗಿ ಸಿಕ್ಕಿತ್ತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಮೊದಲ ಬಾರಿಗೆ ಹದಿನಾಲ್ಕು ವಿಡಿಯೊ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಮಿಸ್ಟ್ ಅದರಲ್ಲಿತ್ತು.

ಗುಟ್ಟು ಹಳಸುವ ಸಮಸ್ಯೆ

ಓಡುವ, ಹೊಡೆಯುವ ಆಟಗಳಿಗೆ ಇಲ್ಲದ ಒಂದು ಶಾಪ ಒಗಟಿನ ಆಟಕ್ಕಿದೆ. ಅಲ್ಲಿ ಆಟ ಗೊತ್ತಿದ್ದರೂ ಕೈಚಳಕ ಬೇಕು. ಇಲ್ಲಿ ಉತ್ತರ ಗೊತ್ತಾದರೆ ಆಟವೇ ಮುಗಿಯಿತು. ಮಿಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ದ್ವೀಪದಲ್ಲಿ ಎಂಟು ಗುರುತಿನ ಸ್ವಿಚ್ಚುಗಳಿವೆ. ಎಂಟನ್ನೂ ಮೇಲೆತ್ತಿ, ದಕ್ಕೆಯ ಮೇಲಿನದೊಂದನ್ನು ಮಾತ್ರ ಕೆಳಗಿಳಿಸಿದರೆ ಗೂಡೊಂದು ತೆರೆದು ಬಿಳಿ ಹಾಳೆ ಸಿಗುತ್ತದೆ. ಗ್ರಂಥಾಲಯದ ಅಗ್ಗಿಷ್ಟಿಕೆಯೊಳಗೆ ನಿಂತರೆ ಗುಂಡಿಗಳ ಫಲಕ. ಕಪಾಟಿನ ಪುಸ್ತಕವೊಂದರಲ್ಲಿರುವ ಮುನ್ನೂರು ವಿನ್ಯಾಸಗಳ ಪೈಕಿ 158ನೆಯದನ್ನು ಆ ಫಲಕದಲ್ಲಿ ಒತ್ತಿದರೆ ಅಗ್ಗಿಷ್ಟಿಕೆ ಗಿರ್ರನೆ ತಿರುಗಿ ಹಸಿರು ಪುಸ್ತಕದ ಬಳಿಗೆ ಒಯ್ಯುತ್ತದೆ. ಆ ಪುಸ್ತಕದ ಮೂಲಕ ಆಟ್ರಸ್ ಇರುವಲ್ಲಿಗೆ ಹೋಗಿ ಬಿಳಿ ಹಾಳೆ ಕೊಟ್ಟರೆ ಕಥೆ ಸುಖಾಂತ. ಹಾಳೆ ಇಲ್ಲದೆ ಹೋದರೆ ಆಟಗಾರನೂ ಅಲ್ಲೇ ಸೆರೆ. ಯಾವ ಬೀಗದ ಕೈಯೂ, ಆಯುಧವೂ ಬೇಡ. 158 ಎಂಬ ಸಂಖ್ಯೆ ನೆನಪಿದ್ದರೆ ನಾಲ್ಕು ಯುಗಗಳಲ್ಲಿ ಒಂದನ್ನೂ ಕಾಣದೆ ಕೆಲವೇ ನಿಮಿಷಗಳಲ್ಲಿ ಆಟ ಗೆಲ್ಲಬಹುದು. ವಾರಗಟ್ಟಲೆ ತಲೆ ಕೆರೆದುಕೊಂಡವರ ಮುಂದೆ ಇದನ್ನು ಮಾಡಿ ತೋರಿಸುವುದು ಕ್ರೌರ್ಯವೇ ಸರಿ.

1993ರಲ್ಲಿ ಉತ್ತರ ಬೇಕಾದವರು ಸ್ನೇಹಿತರನ್ನು ಕೇಳಬೇಕಿತ್ತು, ಇಲ್ಲವೇ ಸುಳಿವಿನ ಪುಸ್ತಕ ಕೊಳ್ಳಬೇಕಿತ್ತು. ಆಟದ ಪೆಟ್ಟಿಗೆಯಲ್ಲಿ ಸಿಡಿಯ ಜೊತೆ ಬರೆದುಕೊಳ್ಳಲೆಂದು ಖಾಲಿ ಪುಸ್ತಕವೊಂದನ್ನು ಇಟ್ಟಿರುತ್ತಿದ್ದರು. ಅದನ್ನು ತುಂಬಿಸುವುದೇ ಅರ್ಧ ಆಟ. ಇಂದಿನ ಆಟಗಾರನ ಜೇಬಿನಲ್ಲೇ ಉತ್ತರವಿದೆ.

ಈ ಸಮಸ್ಯೆಗೆ ಸಯಾನ್ ಕೈಹಾಕಿದ್ದು 2020ರಲ್ಲಿ. ಆ ವರ್ಷದ ಡಿಸೆಂಬರ್ 10ರಂದು ಆಕ್ಯುಲಸ್ ಕ್ವೆಸ್ಟ್ ಎಂಬ ತಲೆಗೆ ತೊಡುವ ವರ್ಚುವಲ್ ರಿಯಾಲಿಟಿ ಯಂತ್ರಕ್ಕೆ, 2021ರ ಆಗಸ್ಟ್ 26ರಂದು ವಿಂಡೋಸ್, ಮ್ಯಾಕ್, ಎಕ್ಸ್‌ಬಾಕ್ಸ್‌ಗಳಿಗೆ ಬಂದ ಹೊಸ ಮಿಸ್ಟನ್ನು ಅನ್‌ರಿಯಲ್ ಎಂಜಿನ್ನಿನಲ್ಲಿ ತಳಪಾಯದಿಂದ ಕಟ್ಟಿದ್ದರು. ಜನರ ಕಣ್ಣಿಗೆ ಬಿದ್ದದ್ದು ಹಿಡಿಕೆ, ಚಕ್ರಗಳನ್ನು ಕೈಯಾರೆ ತಿರುಗಿಸುವ ಮೋಜು. ಅದಕ್ಕಿಂತ ಮುಖ್ಯವಾದದ್ದು ಆಯ್ಕೆಗಳ ಪಟ್ಟಿಯಲ್ಲಿ ಕೂತಿದ್ದ ಒಂದು ಸಾಲು: ಒಗಟುಗಳ ಉತ್ತರಗಳನ್ನು ಪ್ರತಿ ಆಟಕ್ಕೂ ಬದಲಿಸುವ ಸೌಲಭ್ಯ. ಅದನ್ನು ಆರಿಸಿಕೊಂಡರೆ ಹಳಬರ 158ಕ್ಕೆ ಕಾಸಿನ ಬೆಲೆಯೂ ಇಲ್ಲ. ಉತ್ತರ ಬದಲಾದಂತೆ ದಿನಚರಿಗಳಲ್ಲಿ, ಗೋಡೆಗಳ ಮೇಲೆ ಇರುವ ಸುಳಿವುಗಳೂ ಹೊಂದಿಕೊಂಡು ಬದಲಾಗಬೇಕು. ಹಾಗಾಗಿ ಇದು ಕೇಳಲು ಸಣ್ಣದು, ಮಾಡಲು ದೊಡ್ಡದು. ಇಪ್ಪತ್ತು ವರ್ಷ ಚಿತ್ರಕ್ಕೆ ಹೊಳಪು ಕೊಡುತ್ತಿದ್ದವರು ಮೊದಲ ಬಾರಿಗೆ ಗುಟ್ಟನ್ನೇ ಹೊಸದು ಮಾಡಿದರು. ಈ ಲೇಖಕನ ಎಣಿಕೆಯಲ್ಲಿ ಮರುನಿರ್ಮಾಣ ಎಂಬ ಮಾತಿಗೆ ಪೂರಾ ತಕ್ಕದ್ದು ಈ ಆವೃತ್ತಿಯೇ.

ಎಲ್ಲವೂ ಸುಸೂತ್ರವಾಯಿತು ಎಂದಲ್ಲ. ನಟರ ವಿಡಿಯೊ ಇದ್ದ ಜಾಗಕ್ಕೆ ಗೊಂಬೆಯಂಥ ಮೂರು ಆಯಾಮದ ಮುಖಗಳು ಬಂದವು. ಹಳೆಯ ವಿಡಿಯೊವೇ ಬೇಕೆನ್ನುವವರಿಗೆ ಆ ಆಯ್ಕೆಯನ್ನೂ ಕೊಡಬೇಕಾಯಿತು. ಕೆಲವು ಒಗಟುಗಳು ಕಿವಿಯನ್ನೇ ನಂಬಿಕೊಂಡಿವೆ. ಸೆಲೆನಿಟಿಕ್ ಯುಗದ ನೆಲದಡಿಯ ಹಳಿಗಳ ಜಾಲದಲ್ಲಿ ಪ್ರತಿ ತಿರುವಿನಲ್ಲೂ ಒಂದು ಸದ್ದು ಕೇಳುತ್ತದೆ; ಆ ಸದ್ದೇ ಮುಂದಿನ ದಿಕ್ಕು. ಯಾವ ಸದ್ದು ಯಾವ ದಿಕ್ಕಿಗೆ ಎಂಬುದನ್ನು ಮೆಕ್ಯಾನಿಕಲ್ ಯುಗದ ತಿರುಗುವ ಕೋಟೆ ಹೇಳಿಕೊಡುತ್ತದೆ. ಆದರೆ ಅಲ್ಲಿಗೆ ಮೊದಲು ಹೋಗಿ ಎಂದು ಯಾರೂ ಹೇಳುವುದಿಲ್ಲ. ಸುಳಿವು ಸಿಗದೆ ಕುರುಡುಗಣ್ಣಿನಲ್ಲಿ ಹಳಿಗಳ ಮೇಲೆ ಅಲೆದವರ ಶಾಪ ಈ ಒಗಟಿಗೆ ಮೂವತ್ತು ವರ್ಷಗಳಿಂದ ತಟ್ಟುತ್ತಲೇ ಇದೆ. ಇನ್ನು ದ್ವೀಪದಲ್ಲಿರುವ ರಾಕೆಟ್ಟಿನಲ್ಲಿ ವಾದ್ಯದ ಮನೆಗಳನ್ನು ಒತ್ತಿ ನೋಡಿ, ಅವೇ ಸ್ವರಗಳಿಗೆ ಐದು ಜಾರುಕಡ್ಡಿಗಳನ್ನು ಹೊಂದಿಸುವ ಒಗಟು. ಶ್ರುತಿ ಹಿಡಿಯಲಾರದ ಕಿವಿಯವರಿಗೆ ಅದು ಇಂದಿಗೂ ಗೋಡೆಯೇ.

ರಿವೆನ್

1997ರಲ್ಲಿ ಐದು ಸಿಡಿಗಳಲ್ಲಿ ಬಂದ ಉತ್ತರಭಾಗ ರಿವೆನ್ ಮಿಸ್ಟ್‌ಗಿಂತ ಆಳವಾದ ಆಟವೆಂದು ಬಹಳ ಜನ ಒಪ್ಪುತ್ತಾರೆ. ಡಿಸ್ನಿಯ ಅಲ್ಲಾದ್ದೀನ್ ಚಿತ್ರಕ್ಕೆ ಕೆಲಸ ಮಾಡಿದ್ದ ರಿಚರ್ಡ್ ವ್ಯಾಂಡರ್ ವೆಂಡೆ ಇದರ ವಿನ್ಯಾಸದಲ್ಲಿ ರಾಬಿನ್ ಜೊತೆಗಾರರು. ಇಲ್ಲಿ ಒಗಟುಗಳು ಲೋಕದಿಂದ ಬೇರೆಯಾಗಿ ನಿಲ್ಲುವುದಿಲ್ಲ. ಮಕ್ಕಳ ಶಾಲೆಯಲ್ಲಿರುವ ಆಟಿಕೆಯಿಂದ 25ರ ಮೂಲದ, ‘ಡನಿ’ ಎಂಬ ಅಂಕಿಗಳನ್ನು ಕಲಿತರೇನೇ ಮುಂದೆ ದಾರಿ. ಕೆಲವು ಸಂಕೇತ ಸಂಖ್ಯೆಗಳು ಆಟದಿಂದ ಆಟಕ್ಕೆ ಬದಲಾಗುವುದು 1997ರ ರಿವೆನ್‌ನಲ್ಲೇ ಇತ್ತು ಎಂಬುದನ್ನು ಮರೆಯಬಾರದು.

ಅದನ್ನು ಮೂರು ಆಯಾಮಕ್ಕೆ ತರಲು ಮೊದಲು ಹೊರಟವರು ಅಭಿಮಾನಿಗಳು. ‘ಸ್ಟಾರಿ ಎಕ್ಸ್‌ಪ್ಯಾನ್ಸ್’ ಹೆಸರಿನಲ್ಲಿ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದರು. 2022ರಲ್ಲಿ ಸಯಾನ್ ತಾನೇ ರಿವೆನ್ ಮರುನಿರ್ಮಿಸುವುದಾಗಿ ಸಾರಿತು. ಅಭಿಮಾನಿಗಳ ಯೋಜನೆ ಅದರೊಳಗೆ ಸೇರಿಹೋಯಿತು. ಬೇರೆ ಎಷ್ಟೋ ಕಂಪನಿಗಳು ಇಂಥ ಗುಂಪುಗಳಿಗೆ ವಕೀಲರ ನೋಟಿಸು ಕಳಿಸುತ್ತವೆ ಎಂಬುದನ್ನು ನೆನೆದರೆ ಇದು ಅಪರೂಪ. 2024ರ ಜೂನ್ 25ರಂದು ಹೊರಬಂದ ಹೊಸ ರಿವೆನ್‌ನಲ್ಲಿ ಸಯಾನ್ ಇನ್ನೂ ಧೈರ್ಯ ಮಾಡಿತು. ಉತ್ತರಗಳಷ್ಟೇ ಅಲ್ಲ, ಹಲವು ಒಗಟುಗಳನ್ನೇ ಬಿಚ್ಚಿ ಬೇರೆ ರೀತಿ ಹೆಣೆದರು. ಹಳೆಯ ಆಟವನ್ನು ಬಾಯಿಪಾಠ ಮಾಡಿದವರೂ ಹೊಸ ಆಟಗಾರರಷ್ಟೇ ತಬ್ಬಿಬ್ಬಾದರು. ನಟರ ವಿಡಿಯೊ ಬದಲು ಅವರ ಚಲನೆ ಹಿಡಿದು ಮಾಡಿದ ಪಾತ್ರಗಳು ಬಂದವು. ಖಳನಾಯಕ ಗೆನ್‌ಗೆ ಮಾತ್ರ ಜಾನ್ ಕೆಸ್ಟನ್ ಅವರ 1997ರ ದನಿಯನ್ನೇ ಉಳಿಸಿಕೊಂಡರು. ಇದನ್ನೂ ವರ್ಚುವಲ್ ರಿಯಾಲಿಟಿಯಲ್ಲಿ ಆಡಬಹುದು; ತಲೆಗೆ ಯಂತ್ರ ತೊಟ್ಟವನಿಗೆ ಮೇಜಿನ ಮೇಲಿನ ಕಾಗದ ಕಾಣುವುದಿಲ್ಲವಲ್ಲ. ಅದಕ್ಕಾಗಿ ಕಂಡದ್ದನ್ನು ಚಿತ್ರ ತೆಗೆದು ಸೇರಿಸಿಕೊಳ್ಳುವ ಪುಸ್ತಕವನ್ನು ಆಟದೊಳಗೇ ಇಟ್ಟರು. 1993ರ ಪೆಟ್ಟಿಗೆಯಲ್ಲಿದ್ದ ಖಾಲಿ ಪುಸ್ತಕ ಹೀಗೆ ಪರದೆಯೊಳಕ್ಕೆ ಹೋಯಿತು.

ಇದೇ ಹಾದಿಯಲ್ಲಿ ಬೇರೆಯವರೂ ನಡೆದಿದ್ದಾರೆ. ಜೇನ್ ಜೆನ್ಸನ್ ತಮ್ಮ 1993ರ ಗೇಬ್ರಿಯಲ್ ನೈಟ್ ಆಟವನ್ನು 2014ರಲ್ಲಿ ಮತ್ತೆ ಮಾಡಿದರು. ನಿಂಟೆಂಡೊದ 1988ರ ಫ್ಯಾಮಿಕಾಂ ಡಿಟೆಕ್ಟಿವ್ ಕ್ಲಬ್ 2021ರಲ್ಲಿ ಹೊಸ ಚಿತ್ರ, ಹೊಸ ದನಿಯೊಂದಿಗೆ ಬಂತು. ಇವೆರಡೂ ಹಳೆಯ ಕಥೆಗೆ ಹೊಸ ಬಟ್ಟೆ ತೊಡಿಸಿದ ಪ್ರಯತ್ನಗಳು.

ಮೂಲ ಮಿಸ್ಟ್ ಅಳಿದುಹೋಗಿಲ್ಲ. ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಇಂದಿನ ಕಂಪ್ಯೂಟರುಗಳಲ್ಲೂ ಅದನ್ನು ಆಡಬಹುದು. ಹಿಗ್ಗಿಸದೆ ತೆರೆದರೆ 544×332ರ ಚಿತ್ರ ಈಗಿನ ಅಗಲದ ಪರದೆಯ ನಡುವೆ ಅಂಚೆಚೀಟಿಯಂತೆ ಕೂರುತ್ತದೆ. ಅದರೊಳಗೆ ದಕ್ಕೆ, ಮುಳುಗಿದ ಹಡಗು, ಕೆಳಗಿಳಿಸಿದ ಮೊದಲ ಸ್ವಿಚ್ಚು.